ಬೆಲ್ಲೋಸ್‌ನ ರಾಡ್‌ಗಳಿಗೆ ಗ್ಯಾಸ್ ಕಟರ್ ಹಿಡಿಯುವ ಮುಂಚೆ ಇದನ್ನು ಓದಿ

ಸ್ಟೀಮ್ ಲೈನಿಗೆ ಎಕ್ಸ್‌ಪಾನ್ಷನ್ ಜಾಯಿಂಟ್ (ಬಿಸಿಗೆ ಪೈಪು ಬೆಳೆಯುವುದನ್ನು ತಾಳಿಕೊಳ್ಳುವ ಜೋಡಣೆ) ಹಾಕಿಸುವವರು, ಹಳೆಯದನ್ನು ಬದಲಾಯಿಸುವವರು ದಯವಿಟ್ಟು ಪೂರ್ತಿ ಓದಿ. ನಮ್ಮ ಪ್ಲಾಂಟಿನಲ್ಲಿ ಹೊಸ ಜಾಯಿಂಟ್ ಒಂದು ಗಂಟೆಯೂ ಸ್ಟೀಮ್ ಕಾಣದೆ ಸ್ಕ್ರ್ಯಾಪ್ ಆಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದೇ ಸಮಾಧಾನ.

ಲೈನ್ 300 ಎನ್‌ಬಿ, ಅಂದರೆ ಒಳವ್ಯಾಸ ಸುಮಾರು 300 ಮಿಲಿಮೀಟರ್. ಎರಡು ಬೆಂಡ್‌ಗಳ ನಡುವೆ ಟೈಡ್ ಯೂನಿವರ್ಸಲ್ ಜಾಯಿಂಟ್ ಕೂರಬೇಕಿತ್ತು. ಮಧ್ಯೆ ಒಂದು ತುಂಡು ಪೈಪು, ಅದರ ಎರಡೂ ಕಡೆ ಒಂದೊಂದು ಬೆಲ್ಲೋಸ್ (ಬಾಗುವ ಹಾಗೆ ಮಡಿಕೆ ಮಡಿಕೆಯಾಗಿ ಮಾಡಿದ ತೆಳು ಶೀಟಿನ ಕೊಳವೆ), ಎರಡೂ ತುದಿ ದೂರ ಸರಿಯದಂತೆ ಹಿಡಿಯಲು ಈ ತುದಿಯಿಂದ ಆ ತುದಿಯವರೆಗೆ ದಪ್ಪ ಟೈ ರಾಡ್‌ಗಳು. ಕಾರ್ಬನ್ ಸ್ಟೀಲ್ ಪೈಪು 100 ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. 50 ಮೀಟರ್ ಲೈನ್ 150 ಡಿಗ್ರಿ ಏರಿದರೆ 90 ಮಿಲಿಮೀಟರ್ ಆಯಿತು. ಅಷ್ಟನ್ನೂ ಈ ಜಾಯಿಂಟ್ ಅಡ್ಡಕ್ಕೆ ವಾಲಿ ತಾಳಿಕೊಳ್ಳುತ್ತದೆ.

ಇನ್ನೊಂದು ಜಾತಿಯ ರಾಡ್ ಇದೆ, ಶಿಪ್ಪಿಂಗ್ ರಾಡ್. ಲಾರಿಯಲ್ಲಿ ಸಾಗಿಸುವಾಗ, ಎತ್ತಿ ಕೂರಿಸುವಾಗ ಬೆಲ್ಲೋಸ್ ಹಿಗ್ಗದೆ ಕುಗ್ಗದೆ ಇರಲಿ ಅಂತ ಹಾಕಿರುತ್ತಾರೆ. ಸಾಮಾನ್ಯವಾಗಿ ಹಳದಿ ಬಣ್ಣ. ಜಾಯಿಂಟ್ ಕೂರಿಸಿ ವೆಲ್ಡಿಂಗ್ ಮುಗಿದ ಮೇಲೆ, ಹೈಡ್ರೋ ಟೆಸ್ಟ್‌ಗೆ (ನೀರು ತುಂಬಿಸಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಮುಂಚೆ ಇದನ್ನು ತೆಗೆಯಲೇಬೇಕು. ಟೈ ರಾಡ್ ಮುಟ್ಟಬಾರದು. ಇಷ್ಟೇ ವಿಷಯ, ಆದರೆ ನಮ್ಮ ಗುತ್ತಿಗೆದಾರರ ಗ್ಯಾಂಗಿಗೆ ಇದೇ ಗೊತ್ತಿರಲಿಲ್ಲ.

ಜಾಯಿಂಟ್ ಬಹಳ ಕಾಲ ಅಂಗಳದಲ್ಲಿ ಬಿದ್ದಿತ್ತು, ಹಳದಿ ಬಣ್ಣ ಮಾಸಿ ಎಲ್ಲ ರಾಡ್‌ಗಳೂ ಒಂದೇ ಥರ ತುಕ್ಕಿನ ಬಣ್ಣಕ್ಕೆ ಬಂದಿದ್ದವು. ಅವರ ಸೂಪರ್‌ವೈಸರ್ ಕೈಯಲ್ಲಿ 'ಟೆಸ್ಟ್‌ಗೆ ಮುಂಚೆ ಶಿಪ್ಪಿಂಗ್ ರಾಡ್ ತೆಗೆಯಿರಿ' ಅನ್ನುವ ಒಂದು ಸಾಲಿನ ಸೂಚನೆ ಇತ್ತು, ಡ್ರಾಯಿಂಗ್ ಇರಲಿಲ್ಲ. ರಾತ್ರಿ ಪಾಳಿಯವರು ಗ್ಯಾಸ್ ಕಟರ್ ಹಿಡಿದು ಎಲ್ಲವನ್ನೂ ಕತ್ತರಿಸಿ ಹಾಕಿದರು. ಬೆಳಿಗ್ಗೆ ನಾವು ಹೋಗಿ ನೋಡುವ ಮುಂಚೆಯೇ ನೀರು ತುಂಬಿಸಿ ಪಂಪ್ ಚಾಲೂ ಮಾಡಿದ್ದರು. ನಮ್ಮವರ ಸಹಿ ಇಲ್ಲದೆ ಟೆಸ್ಟ್ ಶುರು ಮಾಡಬಾರದು ಅಂತ ಕರಾರಿನಲ್ಲೇ ಇದೆ, ಆದರೆ ಕರಾರನ್ನು ಓದುವವರು ಯಾರು?

ಒತ್ತಡ ಇನ್ನೂ ಟೆಸ್ಟ್ ಮಟ್ಟಕ್ಕೆ ಮುಟ್ಟಿರಲಿಲ್ಲ. ದೊಡ್ಡ ಸದ್ದು ಬಂತು. ಹೋಗಿ ನೋಡಿದರೆ ಒಂದು ಕಡೆಯ ಸಪೋರ್ಟ್ ಜಾಗ ಬಿಟ್ಟು ಸರಿದಿತ್ತು, ಬೆಲ್ಲೋಸ್‌ನ ಮಡಿಕೆಗಳು ಪೂರ್ತಿ ಎಳೆದ ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಂಡಿದ್ದವು. ಕತ್ತರಿಸಿದ ರಾಡ್‌ಗಳು ಅಲ್ಲೇ ಕೆಳಗೆ ಬಿದ್ದಿದ್ದವು. ಫಿಟ್ಟರ್‌ನನ್ನು ಕೇಳಿದರೆ, "ಸಾರ್, ಅದು ಪ್ಯಾಕಿಂಗ್‌ಗೆ ಹಾಕಿರೋದು ಅಂದ್ರು" ಅಂದ. ಅವನ ಮೇಲೆ ಕೋಪ ಬರಲಿಲ್ಲ, ಅವನಿಗೆ ಹಾಗೆ ಹೇಳಿದವರ ಮೇಲೆ ಬಂತು.

ಯಾಕೆ ಹೀಗಾಯಿತು ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಬೆಲ್ಲೋಸ್ ಇದ್ದ ಕಡೆ ಪೈಪು ತನ್ನನ್ನು ತಾನು ಹಿಡಿದುಕೊಳ್ಳುವುದಿಲ್ಲ. ಒಳಗಿನ ಒತ್ತಡ ಎರಡೂ ಕಡೆಯ ಪೈಪನ್ನು ದೂರ ತಳ್ಳುತ್ತದೆ. ಆ ಬಲ ಎಷ್ಟು ಅಂದರೆ, ಒತ್ತಡವನ್ನು ಬೆಲ್ಲೋಸ್‌ನ ಸರಾಸರಿ ವ್ಯಾಸದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದಷ್ಟು. ಸರಾಸರಿ ವ್ಯಾಸ 350 ಮಿಲಿಮೀಟರ್ ಇದ್ದರೆ 10 ಬಾರ್‌ಗೆ ಹತ್ತಿರ ಹತ್ತಿರ 10 ಟನ್. ಟೆಸ್ಟ್ ಸಾಮಾನ್ಯವಾಗಿ ಒಂದೂವರೆ ಪಟ್ಟು ಒತ್ತಡದಲ್ಲಿ, ಅಂದರೆ 15 ಟನ್ ಸಮೀಪ. ಈ ಬಲವನ್ನು ಹೊರಬೇಕಾದ್ದು ಟೈ ರಾಡ್. ಅದು ಹೊರುತ್ತದೆ ಅಂತಲೇ ಡಿಸೈನ್‌ನವರು ಅಲ್ಲಿ ದೊಡ್ಡ ಆಂಕರ್ (ಪೈಪನ್ನು ಅಲುಗದಂತೆ ಹಿಡಿಯುವ ಕಟ್ಟು) ಕೊಟ್ಟಿರಲಿಲ್ಲ. ರಾಡ್ ಹೋದ ಮೇಲೆ ಸಣ್ಣ ಸಪೋರ್ಟ್‌ಗಳು ಏನು ಮಾಡಿಯಾವು?

ಇದನ್ನು ಚಿಕ್ಕ ವಿಷಯ ಅಂದುಕೊಳ್ಳುವವರು 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ ಆಗಿದ್ದನ್ನು ಓದಿ. ಬಿರುಕು ಬಿಟ್ಟ ಒಂದು ರಿಯಾಕ್ಟರ್ ತೆಗೆದು, ಅದರ ಜಾಗಕ್ಕೆ 20 ಇಂಚಿನ ಡೊಂಕು ಪೈಪನ್ನು ಎರಡು ಬೆಲ್ಲೋಸ್‌ಗಳ ನಡುವೆ ಸಿಕ್ಕಿಸಿ, ಕೆಳಗೆ ಸ್ಕಾಫೋಲ್ಡಿಂಗ್ ಕೊಟ್ಟಿದ್ದರು. ಸರಿಯಾದ ಡ್ರಾಯಿಂಗ್ ಇರಲಿಲ್ಲ, ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದೇ ಡ್ರಾಯಿಂಗ್. ಪೈಪು ಕಿತ್ತುಬಂದು ಬೇಗ ಬೆಂಕಿ ಹತ್ತುವ ಬಿಸಿ ಸೈಕ್ಲೋಹೆಕ್ಸೇನ್ ಹೊರನುಗ್ಗಿ ಸ್ಫೋಟವಾಯಿತು. 28 ಜನ ಸತ್ತರು. ನಮ್ಮಲ್ಲಿ ಒಳಗಿದ್ದದ್ದು ತಣ್ಣೀರು, ಅಷ್ಟೇ ವ್ಯತ್ಯಾಸ.

ಆಮೇಲಿನ ಜಗಳ ಬೇರೆ ಕಥೆ. ಗುತ್ತಿಗೆದಾರರು 'ಮಾಲೇ ಸರಿ ಇಲ್ಲ, ಶೀಟ್ ತೆಳ್ಳಗಿದೆ' ಅಂತ ಪತ್ರ ಬರೆದರು. ಬೆಲ್ಲೋಸ್ ಶೀಟ್ ತೆಳ್ಳಗೇ ಇರಬೇಕಲ್ವಾ, ಇಲ್ಲದಿದ್ದರೆ ಬಾಗುವುದು ಹೇಗೆ? ತಯಾರಕರು ಕತ್ತರಿಸಿದ ರಾಡ್‌ಗಳ ಫೋಟೋ ನೋಡಿ ವಾರಂಟಿ ಇಲ್ಲ ಅಂದರು. ಅವರ ಮಾತು ಸರಿ, ಆದರೆ ಅವರದ್ದೂ ತಪ್ಪಿದೆ ಅಂತ ನಾನು ಈಗಲೂ ಹೇಳುತ್ತೇನೆ. ಟೈ ರಾಡ್ ಮೇಲೆ 'ತೆಗೆಯಬೇಡಿ' ಅಂತ ಒಂದು ತಗಡು ಕಟ್ಟಿ ಕಳಿಸಲು ಏನು ಕಷ್ಟ?

ಬದಲಿ ಜಾಯಿಂಟ್ ಬೇಗ ಬೇಕು ಅಂದಾಗ ಒಬ್ಬ ಸರಬರಾಜುದಾರ ಟೈ ರಾಡ್ ಇಲ್ಲದ ಸಾದಾ ಆಕ್ಸಿಯಲ್ ಬೆಲ್ಲೋಸ್ ತೋರಿಸಿ, "ಉದ್ದ ಸೇಮ್, ಫ್ಲೇಂಜ್ ಸೇಮ್, ಸುಮ್ನೆ ಹಾಕಿ ಸಾರ್" ಅಂದ. ಇಂಥವರನ್ನು ಗೇಟಿನಿಂದಲೇ ಕಳಿಸಿ. ಆಕ್ಸಿಯಲ್ ಹಾಕಬೇಕೆಂದರೆ ಎರಡೂ ಕಡೆ ಪೂರ್ತಿ ಬಲ ತಡೆಯುವ ಮೇನ್ ಆಂಕರ್ ಬೇಕು, ಪೈಪು ಪಕ್ಕಕ್ಕೆ ವಾಲದಂತೆ ಹಿಡಿಯುವ ಗೈಡ್‌ಗಳೂ ಬೇಕು. ಬೆಲ್ಲೋಸ್‌ನಿಂದ ಪೈಪಿನ ವ್ಯಾಸದ 4 ಪಟ್ಟು ದೂರದೊಳಗೆ ಮೊದಲನೆಯದು, ಅಲ್ಲಿಂದ 14 ಪಟ್ಟಿನೊಳಗೆ ಎರಡನೆಯದು ಅನ್ನುತ್ತದೆ ಇಜೆಎಂಎ (ಎಕ್ಸ್‌ಪಾನ್ಷನ್ ಜಾಯಿಂಟ್ ತಯಾರಕರ ಸಂಘ) ಮಾರ್ಗದರ್ಶಿ. ಅದೂ ಅಲ್ಲದೆ ಆಕ್ಸಿಯಲ್ ಜಾಯಿಂಟ್ ಉದ್ದಕ್ಕೆ ಕುಗ್ಗಲು ಮಾಡಿದ್ದು, ನಮಗೆ ಬೇಕಿದ್ದ ಅಡ್ಡ ಚಲನೆಗೆ ಅಲ್ಲ.

ಸರಿಯಾದ ಜಾಯಿಂಟ್ ಬಂದ ಮೇಲೂ ಅದೇ ಗ್ಯಾಂಗ್ ಬೋಲ್ಟ್ ತೂತು ಕೂಡುತ್ತಿಲ್ಲ ಅಂತ ಚೈನ್ ಬ್ಲಾಕ್ ಹಾಕಿ ತಿರುಚಲು ಹೋಯಿತು! ಬೆಲ್ಲೋಸ್ ತಿರುಚಬಾರದು, ಪೈಪಿನ ಸೊಟ್ಟ ಮುಚ್ಚಲು ಅದನ್ನು ಎಳೆಯಲೂ ಬಾರದು. ಕೆಲಸ ನಿಲ್ಲಿಸಿ ಪೈಪನ್ನೇ ಕತ್ತರಿಸಿ ಸರಿ ಮಾಡಿಸಿದೆವು.

ಈಗ ನಮ್ಮಲ್ಲಿ ಜಾಯಿಂಟ್ ಸ್ಟೋರಿಗೆ ಬಂದ ದಿನವೇ ಡ್ರಾಯಿಂಗ್ ಹಿಡಿದು ತೆಗೆಯಬೇಕಾದ ರಾಡ್‌ಗಳಿಗೆ ಹೊಸದಾಗಿ ಹಳದಿ ಬಣ್ಣ ಬಳಿಯುತ್ತೇವೆ, ಟೈ ರಾಡ್‌ಗಳಿಗೆ ತಗಡು ಕಟ್ಟುತ್ತೇವೆ. ಶಿಪ್ಪಿಂಗ್ ರಾಡ್ ತೆಗೆಯುವಾಗ ನಮ್ಮವರೊಬ್ಬರು ಪಕ್ಕದಲ್ಲಿ ನಿಂತಿರುತ್ತಾರೆ. ಪಂಪಿನ ಸ್ವಿಚ್ಚಿಗೆ ಬೀಗ, ಅದರ ಕೀ ನಮ್ಮ ಹತ್ತಿರ.