ಹಳೆಯ ಜಾಕೆಟ್, ಹಳೆಯ ಪ್ಯಾಂಟು ಮತ್ತು ಹೊಸ ಜೋಡಿ: ಒಂದು ಮಳೆಗಾಲದ ಹೋಲಿಕೆ

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ತೀರ್ಥಹಳ್ಳಿಯಿಂದ ಆಗುಂಬೆಗೆ ಬೈಕಿನಲ್ಲಿ ಹೋಗಿ ಇಳಿದಾಗ ನನ್ನ ಅಂಗಿ ಹಿಂಡುವಂತಿತ್ತು. ಮೈಮೇಲಿದ್ದದ್ದು ಒಂಬತ್ತು ವರ್ಷದ ಚಾರಣದ ಜಾಕೆಟ್, ಅಷ್ಟೇ ಹಳೆಯ ಮಳೆಪ್ಯಾಂಟು. ಎರಡನ್ನೂ ಎಸೆದು ಹೊಸದು ತರುವಂತೆ ಮನೆಯಲ್ಲಿ ಎಲ್ಲರೂ ಹೇಳಿದರು. ಹೊಸ ಜೋಡಿ ತಂದೆ, ಆದರೆ ಹಳೆಯದನ್ನು ಎಸೆಯಲಿಲ್ಲ. ಅದಕ್ಕೆ ನೀರು ತಡೆಯುವ ಲೇಪನ ಮಾಡಿ, ಆಶ್ಲೇಷ ಮಳೆ ಮುಗಿಯುವವರೆಗೆ ಎರಡನ್ನೂ ಅದಲುಬದಲಾಗಿ ಧರಿಸಿದೆ.

ಮೊದಲು ಜಾಕೆಟ್. ಇಂಥ ಜಾಕೆಟ್ಟಿನಲ್ಲಿ ನೀರನ್ನು ನಿಜವಾಗಿ ತಡೆಯುವುದು ಒಳಗಿನ ತೆಳುವಾದ ಪೊರೆ. ಹೊರಮೈಯ ಲೇಪನದ ಕೆಲಸ ಬೇರೆ: ಹನಿ ಬಟ್ಟೆಗೆ ಇಳಿಯದೆ ಉರುಳಿ ಹೋಗುವಂತೆ ಮಾಡುವುದು. ಆ ಲೇಪನ ಸವೆದರೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಬೆವರಿನ ಆವಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಜಾಕೆಟ್ ಸೋರುತ್ತಿದೆ ಎಂದು ನಾನು ಎರಡು ವರ್ಷ ನಂಬಿದ್ದೆ. ಅಂಗಿಯನ್ನು ತೋಯಿಸುತ್ತಿದ್ದದ್ದು ಬಹುಪಾಲು ನನ್ನ ಬೆವರೇ.

ಸಾಮಾನ್ಯ ಡಿಟರ್ಜೆಂಟ್ ಬಟ್ಟೆಯಲ್ಲಿ ಉಳಿದರೆ ಅದೇ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ನಾಲ್ಕೈದು ನೀರಿನಲ್ಲಿ ಜಾಲಿಸಿದೆ. ಮಳೆಗಾಲದಲ್ಲಿ ನಮ್ಮ ಬಟ್ಟೆಗಳೆಲ್ಲ ಒಣಗುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ. ಜಾಕೆಟ್ಟೂ ಅಲ್ಲೇ ಒಣಗಿತು. ಬಳಿಕ ಒಳಪಟ್ಟಿಯ ಸೂಚನೆ ನೋಡಿಕೊಂಡು, ಮೇಲೊಂದು ಹತ್ತಿಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿದೆ. ಬಿಸಿಯಿಂದ ಅಳಿದುಳಿದ ಹಳೆಯ ಲೇಪನವೇ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಎದೆಯ ಭಾಗದಲ್ಲಿ ಹನಿಗಳು ಮತ್ತೆ ಗುಂಡಗೆ ನಿಂತವು. ಖರ್ಚೇ ಇಲ್ಲದ ಈ ಹೆಜ್ಜೆಯನ್ನು ಯಾರೂ ಬಿಡಬಾರದು.

ಆದರೆ ಬ್ಯಾಗಿನ ಪಟ್ಟಿ ಉಜ್ಜುವ ಹೆಗಲು ಹಾಗೆಯೇ ನೆನೆಯುತ್ತಿತ್ತು. ಆಗ ನಿಕ್‌ವ್ಯಾಕ್ಸ್ ಕಂಪನಿಯ, ಉಡುಪನ್ನು ನೆನೆಸಿ ಹೊಸ ಲೇಪನ ಕೊಡುವ ದ್ರವ ತರಿಸಿದೆ, ಸುಮಾರು ಸಾವಿರ ರೂಪಾಯಿ. ಹಳೆಯ ಬಗೆಯ ಲೇಪನಗಳಲ್ಲಿರುವ ಫ್ಲೋರಿನ್ ಸಂಯುಕ್ತಗಳು ಮಣ್ಣು ನೀರುಗಳಲ್ಲಿ ಒಡೆದು ನಾಶವಾಗದೆ ಉಳಿಯುತ್ತವೆ, ಇದರಲ್ಲಿ ಅವು ಇಲ್ಲ. ನಮ್ಮ ಬಚ್ಚಲ ನೀರು ಕೊನೆಗೆ ಸೇರುವುದು ತುಂಗೆಯನ್ನು; ನನಗೆ ಇದು ಸಣ್ಣ ಮಾತಲ್ಲ. ಒಳಗೆ ಬಟ್ಟೆಯ ಲೈನಿಂಗ್ ಇರುವವರು ಸಿಂಪಡಿಸುವ ಬಗೆಯನ್ನೇ ಕೊಳ್ಳಲಿ; ನೆನೆಸಿದರೆ ಲೈನಿಂಗಿಗೂ ಲೇಪನ ಅಂಟಿಕೊಂಡು ಅದು ಬೆವರು ಹೀರುವುದಿಲ್ಲ.

ಹೊಸ ಜಾಕೆಟ್ಟಿಗೆ ಐದೂವರೆ ಸಾವಿರ ಕೊಟ್ಟೆ, ಪಟ್ಟಿಯಲ್ಲಿ 10,000 ಮಿ.ಮೀ. ಎಂದಿದೆ. ಅಂದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ತಾಳುವ ಬಟ್ಟೆ. ದಿನವಿಡೀ ಸುರಿದರೂ ಹನಿ ಅಂಟಲಿಲ್ಲ. ಹಳೆಯದರ ಹೆಗಲು ಒಂದು ಗಂಟೆಯ ಜಡಿಮಳೆಗೆ ಕಪ್ಪಾಗತೊಡಗುತ್ತಿತ್ತು, ಆದರೂ ಒಳಗಿನ ಅಂಗಿ ಒಣಗಿಯೇ ಇತ್ತು. ಹೆಗಲ ಹೊಲಿಗೆಯ ಮೇಲಿನ ಪಟ್ಟಿ ಒಂದು ಗೇಣು ಎದ್ದಿತ್ತು; ಅದನ್ನು ಕಿತ್ತು, ಒರೆಸಿ, ಹೊಲಿಗೆಗೆ ಹಚ್ಚುವ ಅಂಟು ಬಳಿದು ಒಂದು ರಾತ್ರಿ ಬಿಟ್ಟೆ. ಇನ್ನೂ ಗಟ್ಟಿಯಾಗಿದೆ. ಹೊಸ ಜಾಕೆಟ್ಟಿನ ಹೊರಲೇಪನವೂ ನಾಳೆ ಸವೆಯುವುದೇ, ಆಗ ಅದಕ್ಕೂ ಇದೇ ಬಾಟಲಿ ಬೇಕು. ಜಾಕೆಟ್ಟಿನ ಮಟ್ಟಿಗೆ ನನ್ನ ಮತ ಹಳೆಯದಕ್ಕೇ.

ಪ್ಯಾಂಟಿನ ಕಥೆ ಬೇರೆ. ಅದೇ ದ್ರವ, ಅದೇ ಇಸ್ತ್ರಿ. ಮುಗಿದಾಗ ಕೆಸುವಿನ ಎಲೆಯ ಮೇಲಿನಂತೆ ನೀರು ಉರುಳಿತು. ಆದರೆ ಸೀಟಿನ ಮೇಲೆ ಕುಳಿತು ಹತ್ತು ನಿಮಿಷವಾಗುವಷ್ಟರಲ್ಲಿ ಒಳಗೆಲ್ಲ ಒದ್ದೆ. ತಿರುವಿ ನೋಡಿದರೆ ನೀರು ತಡೆಯಬೇಕಾದ ಒಳಗಿನ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪನ ಅಂಟಂಟಾಗಿ ತೌಡಿನಂತೆ ಉದುರುತ್ತಿತ್ತು, ಹುಳಿ ವಾಸನೆ ಬೇರೆ. ಹಸಿಯಾಗಿಯೇ ಮಡಚಿ ಬೈಕಿನ ಡಬ್ಬಿಯಲ್ಲಿ ಇಡುತ್ತಿದ್ದ ಅಭ್ಯಾಸದ ಫಲ ಅದು. ತೇವಾಂಶ ಆ ಲೇಪನವನ್ನು ನಿಧಾನವಾಗಿ ಒಡೆಯುತ್ತದೆ. ಹೊರಗೆ ಎಷ್ಟು ಬಳಿದರೂ ಮೈಭಾರಕ್ಕೆ ನೀರು ಒಳನುಗ್ಗುತ್ತದೆ. ಸಾವಿರದ ಇನ್ನೂರರ ಹೊಸ ಪ್ಯಾಂಟು ಇಲ್ಲಿ ನಿರಾಯಾಸವಾಗಿ ಗೆದ್ದಿತು. ಬಾಟಲಿ ಕೊಳ್ಳುವ ಮೊದಲು ಉಡುಪನ್ನು ತಿರುವಿ, ಒಳಮೈಯನ್ನು ಬೆರಳಿನಿಂದ ಉಜ್ಜಿ ನೋಡಿದ್ದರೆ ಇಷ್ಟು ಶ್ರಮ ಉಳಿಯುತ್ತಿತ್ತು.

ಹೊಸ ಜಾಕೆಟ್ಟನ್ನು ತಮ್ಮನಿಗೆ ಕೊಟ್ಟಿದ್ದೇನೆ. ಹೊಸ ಪ್ಯಾಂಟು ಮನೆ ಸೇರಿದ ಕೂಡಲೇ ಡಬ್ಬಿಗೆ ಹೋಗದೆ ಬಚ್ಚಲ ಹಗ್ಗಕ್ಕೇರುತ್ತದೆ, ಹಳೆಯ ಜಾಕೆಟ್ಟಿನ ಪಕ್ಕಕ್ಕೆ.