ಎರಡು ಪುಟ, ಇಪ್ಪತ್ತು ಪ್ರಶ್ನೆ: ನಾಲ್ಕು ರೂಪಾಯಿ ಜೆರಾಕ್ಸಿಗೆ ಒಂದು ರಿವ್ಯೂ

ನಾನು ಇಲ್ಲಿವರೆಗೆ ರಿವ್ಯೂ ಅಂತ ಬರೆದಿದ್ದು ಎರಡೇ. ಒಂದು ಹೊಲಿಗೆ ಮಿಷನ್ನಿನ ಮೋಟಾರಿಗೆ, ಇನ್ನೊಂದು ಆನ್‌ಲೈನಲ್ಲಿ ತರಿಸಿದ ಲೈನಿಂಗ್ ಬಟ್ಟೆಗೆ. ಎರಡಕ್ಕೂ ಚೆನ್ನಾಗಿ ಬೈದಿದ್ದೆ. ಇದು ಮೂರನೇದು, ಒಂದು ಕಾಗದಕ್ಕೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅನ್ನೋದನ್ನ ಮುಂದೆ ಹೇಳ್ತೀನಿ.

ಕಾಗದದ ಹೆಸರು ಎಂ-ಚಾಟ್-ಆರ್/ಎಫ್. ಅಮೆರಿಕದ ಡಯಾನಾ ರಾಬಿನ್ಸ್, ಡೆಬೊರಾ ಫೈನ್, ಮರಿಯಾನ್ ಬಾರ್ಟನ್ ಅನ್ನೋ ಮೂವರು ಮಾಡಿರೋದು, 2009ರದ್ದು. 16 ತಿಂಗಳಿಂದ 30 ತಿಂಗಳವರೆಗಿನ ಮಕ್ಕಳಿಗೆ. ಮಗುವಿಗೆ ಆಟಿಸಂ, ಅಂದ್ರೆ ಬೇರೆಯವರ ಜೊತೆ ಬೆರೆಯೋದು, ಮಾತು-ಸನ್ನೆ ಮಾಡೋದು ಬೇರೆ ಥರ ಇರೋ ಬೆಳವಣಿಗೆಯ ತೊಂದರೆ, ಇರಬಹುದಾ ಅಂತ ಮೊದಲ ಸಲ ಜರಡಿ ಹಿಡಿಯೋಕೆ. ಹೌದು, ಇಲ್ಲ ಅಂತ ಉತ್ತರ ಕೊಡೋ ಇಪ್ಪತ್ತು ಪ್ರಶ್ನೆ, ಅಷ್ಟೆ. ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ನನಗೆ ಕೊಟ್ಟವರು ಮಂಡ್ಯದಲ್ಲಿ ಮಗನಿಗೆ ಇಂಜೆಕ್ಷನ್ ಹಾಕೋ ಮಕ್ಕಳ ಡಾಕ್ಟ್ರು. ಒಂದೂವರೆ ವರ್ಷದ ಇಂಜೆಕ್ಷನ್‌ಗೆ ಹೋದಾಗ "ಇದನ್ನ ತುಂಬಿಸ್ಕೊಂಡು ಬನ್ನಿ" ಅಂದ್ರು. ನಾನು ತುಂಬಿಸಲಿಲ್ಲ. ಮದುವೆ ಸೀಸನ್ನು, ಮೂವತ್ತು ಬ್ಲೌಸ್ ಬಾಕಿ ಇತ್ತು. ಬಟನ್ ಡಬ್ಬಿ ಕೆಳಗೆ ಎರಡು ತಿಂಗಳು ಬಿದ್ದಿತ್ತು.

ಮಗ ಆಗ ಮಾತಾಡ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಅದೊಂದು ಚಿಂತೆಯಾಗಿರಲಿಲ್ಲ ಅಂದ್ರೆ ನಂಬಿ. "ಗಂಡು ಮಕ್ಳು ಲೇಟು ಕಣವ್ವ. ನಿನ್ ಗಂಡ ಬಾಯಿ ಬಿಟ್ಟಿದ್ದು ಮೂರು ತುಂಬಿದ ಮೇಲೆ. ಈಗ ನೋಡು, ಮುಚ್ಚಂಗೇ ಇಲ್ಲ" ಅಂತ ನಮ್ಮತ್ತೆ. ಹನ್ನೊಂದು ತಿಂಗಳಿಗೇ ನಡೆದಿದ್ದ. ತಾಯಿ ಕಾರ್ಡಲ್ಲಿ ಯಾವ ತಿಂಗಳಿಗೆ ಕೂರಬೇಕು, ಯಾವಾಗ ನಿಲ್ಲಬೇಕು ಅಂತ ಚಿತ್ರ ಇರುತ್ತಲ್ಲ, ಅದನ್ನೆಲ್ಲ ಪಟಪಟ ಮುಗಿಸಿದ್ದ. ಉಳಿದಿದ್ದು ಮಾತೊಂದೇ, ಅದೂ ಬರುತ್ತೆ ಅಂತ ಎಲ್ಲರೂ ಅವನ ನಾಲಿಗೆ ಕಡೆಗೇ ನೋಡ್ಕೊಂಡು ಕೂತಿದ್ವಿ. ಯಾರೋ ಬಜೆ ತೇಯ್ದು ನೆಕ್ಕಿಸಿ ಅಂದ್ರು, ಅದನ್ನೂ ನೆಕ್ಕಿಸಿದ್ವಿ.

ಆ ಕಾಗದದ ಇಪ್ಪತ್ತು ಪ್ರಶ್ನೆಯಲ್ಲಿ "ನಿಮ್ಮ ಮಗು ಮಾತಾಡುತ್ತಾ?" ಅನ್ನೋ ಪ್ರಶ್ನೆ ಇಲ್ಲವೇ ಇಲ್ಲ. ಎಷ್ಟು ಪದ ಗೊತ್ತು ಅಂತಲೂ ಕೇಳಲ್ಲ. ಅದು ಕೇಳೋದು ಬೆರಳಿನ ಬಗ್ಗೆ, ಕಣ್ಣಿನ ಬಗ್ಗೆ, ಮುಖದ ಬಗ್ಗೆ. ಏನಾದ್ರೂ ಬೇಕಾದ್ರೆ ಒಂದು ಬೆರಳಲ್ಲಿ ತೋರಿಸ್ತಾನಾ? ಬೇಡದಿದ್ರೂ, "ನೋಡಮ್ಮ ಅಲ್ಲಿ" ಅನ್ನೋ ಖುಷಿಗೆ ತೋರಿಸ್ತಾನಾ? ಇವೆರಡನ್ನೂ ಬೇರೆ ಬೇರೆ ಪ್ರಶ್ನೆ ಮಾಡಿದ್ದಾರೆ, 6ನೇದು ಮತ್ತು 7ನೇದು. ಮೊದಲು ಓದಿದಾಗ ಒಂದೇ ಪ್ರಶ್ನೆಯನ್ನ ಎರಡು ಸಲ ಕೇಳಿದ್ದಾರೆ ಅಂದ್ಕೊಂಡಿದ್ದೆ. ಬಿಸ್ಕತ್ ಕೊಡು ಅಂತ ಕೈ ತೋರಿಸೋದು ಬೇರೆ, ಆಕಾಶದಲ್ಲಿ ವಿಮಾನ ಹೋಗ್ತಿದೆ ನೋಡು ಅಂತ ತೋರಿಸೋದು ಬೇರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನನ್ನ ಮಗ ಎರಡೂ ಮಾಡ್ತಿರಲಿಲ್ಲ. ಬಿಸ್ಕತ್ ಬೇಕಾದ್ರೆ ನನ್ನ ಮಣಿಕಟ್ಟು ಹಿಡಿದು ಎಳ್ಕೊಂಡು ಹೋಗಿ, ನನ್ನ ಕೈಯನ್ನ ಡಬ್ಬಿ ಮೇಲೆ ಇಡ್ತಿದ್ದ. ಅಬ್ಬಾ ಎಂಥ ಬುದ್ಧಿ ಅಂತ ನಾವು ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದ್ವಿ.

ಮೊದಲ ಸಲ ತುಂಬಿಸಿದ್ದು ಅವನಿಗೆ 20 ತಿಂಗಳಿದ್ದಾಗ. ಕಾಗದ ಇಂಗ್ಲಿಷಿನಲ್ಲಿತ್ತು. ನರ್ಸಿಂಗ್ ಓದ್ತಿರೋ ನಾದಿನಿ ಒಂದೊಂದೇ ಕನ್ನಡದಲ್ಲಿ ಹೇಳ್ತಾ ಹೋದ್ಳು, ಉತ್ತರ ಕೊಟ್ಟಿದ್ದು ನಮ್ಮತ್ತೆ. "ಹೆಸರು ಕರೆದ್ರೆ ತಿರುಗ್ತಾನಾ?" "ಓ, ಅವತ್ತು ಜಾತ್ರೆಲಿ ತಿರುಗಿದ್ನಲ್ಲ, ಹೌದು ಅಂತ ಬರಿ." "ಟಾಟಾ ಮಾಡ್ತಾನಾ?" "ಅವರ ಮಾವ ಹೊರಟಾಗ ಮಾಡಿದ್ದ, ಹೌದು." ಅನುಮಾನದ ಉತ್ತರಕ್ಕೆ ಒಂದೊಂದು ಅಂಕ, ಹೀಗೆ ಇಪ್ಪತ್ತೂ ಮುಗಿದು ನಂಬರ್ ಬಂದಿದ್ದು 2. ಸೊನ್ನೆಯಿಂದ 2ರವರೆಗೆ ಬಂದ್ರೆ ಅಪಾಯ ಕಡಿಮೆ, ಎರಡು ವರ್ಷ ತುಂಬಿರದಿದ್ರೆ ತುಂಬಿದ ಮೇಲೆ ಇನ್ನೊಂದು ಸಲ ನೋಡಿ ಅಂತ ಲೆಕ್ಕ. 3ರಿಂದ 7 ಅಂದ್ರೆ ಮಧ್ಯಮ. 8 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಕಾಯೋ ಹಾಗೇ ಇಲ್ಲ, ನೇರ ಪೂರ್ತಿ ತಪಾಸಣೆಗೆ ಹೋಗಬೇಕು. 2 ಬಂತಲ್ಲ, ಅತ್ತೆ ಪಾಯಸ ಮಾಡಿದ್ರು.

ಇನ್ನೊಂದು ಸಲ ನೋಡಿ ಅನ್ನೋದನ್ನ ನಾನೊಬ್ಬಳೇ ತಲೆಯಲ್ಲಿ ಇಟ್ಕೊಂಡಿದ್ದೆ. ಎರಡು ವರ್ಷದ ಹುಟ್ಟುಹಬ್ಬ ಆಗಿ ಒಂದು ವಾರಕ್ಕೆ, ಎಲ್ಲರೂ ಮಲಗಿದ ಮೇಲೆ, ಮೊಬೈಲಲ್ಲಿ ಅನುವಾದ ಮಾಡ್ಕೊಂಡು ನಾನೇ ತುಂಬಿಸೋಕೆ ಕೂತೆ. ಆಗ ಕಂಡಿದ್ದು ಮೇಲ್ಗಡೆ ಇರೋ ಸೂಚನೆ. ನಾವು ಅದನ್ನ ಓದೇ ಇರಲಿಲ್ಲ. ಮಗು ಯಾವುದನ್ನಾದ್ರೂ ಕೆಲವೇ ಸಲ ಮಾಡಿದ್ದು, ಸಾಮಾನ್ಯವಾಗಿ ಮಾಡದೇ ಇದ್ರೆ, ಇಲ್ಲ ಅಂತ ಗುರುತು ಹಾಕಿ ಅಂತ ಅದರಲ್ಲಿತ್ತು. ಜಾತ್ರೆಯಲ್ಲಿ ತಿರುಗಿದ್ದು, ಮಾವನಿಗೆ ಟಾಟಾ ಮಾಡಿದ್ದು ಎಲ್ಲ ಈ ಒಂದು ಸಾಲಿಗೆ ಬಿದ್ದುಹೋಯ್ತು. ಈ ಸಲ ನಂಬರ್ 7.

ನಾನು ಒಂದು ಸ್ಟಾರ್ ಕಿತ್ತುಕೊಂಡಿದ್ದು ಇಲ್ಲಿ. ಅಷ್ಟು ಮುಖ್ಯವಾದ ಸಾಲು ಪ್ರಶ್ನೆಗಳ ಪಕ್ಕಪಕ್ಕದಲ್ಲೇ ಇರಬೇಕಿತ್ತು, ಮೇಲೆ ಒಂದು ಕಡೆ ಇದ್ರೆ ನಮ್ಮಂಥವರು ಹಾರಿಸಿಬಿಡ್ತೀವಿ. ಇನ್ನೊಂದು ತಕರಾರು. ಹದಿನೇಳು ಪ್ರಶ್ನೆಗೆ "ಇಲ್ಲ" ಅಂದ್ರೆ ಒಂದು ಅಂಕ, ಆದ್ರೆ 2, 5, 12ಕ್ಕೆ ಮಾತ್ರ ಉಲ್ಟಾ, "ಹೌದು" ಅಂದ್ರೆ ಅಂಕ. ಕಿವಿ ಕೇಳಲ್ಲವಾ ಅಂತ ಅನುಮಾನ ಬಂದಿದೆಯಾ, ಕಣ್ಣಿನ ಹತ್ರ ಬೆರಳು ವಿಚಿತ್ರವಾಗಿ ಆಡಿಸ್ತಾನಾ, ದಿನನಿತ್ಯದ ಸದ್ದಿಗೆ ಕಂಗಾಲಾಗ್ತಾನಾ ಅನ್ನೋವು ಆ ಮೂರು. ಎಣಿಸೋವಾಗ ತಪ್ಪದೇ ಇರಲ್ಲ. ಸದ್ದಿಗೆ ಕೊಟ್ಟಿರೋ ಉದಾಹರಣೆ ವ್ಯಾಕ್ಯೂಮ್ ಕ್ಲೀನರ್. ನಮ್ಮನೆಯಲ್ಲಿ ಕಸ ಗುಡಿಸೋದು ಪೊರಕೆ. ಮಿಕ್ಸಿ, ಕುಕ್ಕರ್ ವಿಷಲ್ಲು ಅಂತ ನಾನೇ ಬದಲಾಯಿಸ್ಕೊಂಡೆ. ಮಿಕ್ಸಿ ಹಾಕಿದ್ರೆ ಕಿವಿ ಮುಚ್ಕೊಂಡು ಮಂಚದ ಕೆಳಗೆ ಹೋಗ್ತಿದ್ದ. ಹೊಲಿಗೆ ಮಿಷನ್ ಸದ್ದಿಗೆ ಮಾತ್ರ ಏನೂ ಇಲ್ಲ. ಚಕ್ರ ತಿರುಗೋದನ್ನ ಅರ್ಧ ಗಂಟೆ ಬೇಕಾದ್ರೂ ನೋಡ್ತಾ ನಿಲ್ತಿದ್ದ.

ಈ ಕಾಗದದ ಅಸಲಿ ಬೆಲೆ ಎರಡನೇ ಸುತ್ತಲ್ಲಿದೆ. ಹೆಸರಿನ ಕೊನೆಯಲ್ಲಿ ಎಫ್ ಅಂತಿದೆಯಲ್ಲ, ಅದು ಫಾಲೋ-ಅಪ್. 3ರಿಂದ 7 ಬಂದವರಿಗೆ, ಅಂಕ ಬಿದ್ದ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡು, ಒಂದೊಂದನ್ನೂ ಬಿಡಿಸಿ ಕೇಳ್ತಾರೆ. ವಾಟ್ಸಾಪಲ್ಲಿ ಓಡಾಡೋ ಪ್ರತಿಗಳಲ್ಲಿ ಬರೀ ಮೊದಲ ಸುತ್ತೇ ಇರುತ್ತೆ, ಹುಷಾರು. ನಮ್ಮ ಡಾಕ್ಟ್ರು ಕೌಂಟರ್ ಮುಚ್ಚಿದ ಮೇಲೆ ಕೂರಿಸ್ಕೊಂಡು ಕೇಳಿದ್ರು. ಒಂದನೇ ಪ್ರಶ್ನೆ: ನೀವು ಕೋಣೆಯ ಆ ಕಡೆ ಇರೋದನ್ನ ಬೆರಳು ಮಾಡಿ ತೋರಿಸಿದ್ರೆ ಅವನು ಏನ್ಮಾಡ್ತಾನೆ? "ನೋಡ್ತಾನೆ" ಅಂದೆ. "ಏನನ್ನ ನೋಡ್ತಾನೆ?" ಅಂದ್ರು. ನಾನು ತಬ್ಬಿಬ್ಬಾದೆ. "ಈಗ್ಲೇ ತೋರ್ಸಿ" ಅಂದ್ರು. ಗೋಡೆ ಮೇಲೆ ಹಲ್ಲಿ ಇತ್ತು. "ಮಗಾ, ಅಗೋ ಹಲ್ಲಿ" ಅಂತ ಕೈ ಚಾಚಿದೆ. ಅವನು ನೋಡಿದ್ದು ನನ್ನ ತೋರುಬೆರಳನ್ನ. ಉಗುರಿನ ಸಂದಿಯಲ್ಲಿ ನೀಲಿ ಟೈಲರ್ ಚಾಕ್ ಮೆತ್ತಿಕೊಂಡಿತ್ತು, ಅದನ್ನ ಮುಟ್ಟಿ ಮುಟ್ಟಿ ನೋಡಿದ. ಡಾಕ್ಟ್ರ ಹಾಳೆಯಲ್ಲಿ ಆ ಉತ್ತರವೂ ಅಚ್ಚಾಗಿತ್ತು: ಬೆರಳನ್ನೇ ನೋಡ್ತಾನೆ. ಅದು ಫೇಲಿನ ಪಟ್ಟಿಯಲ್ಲಿತ್ತು. ಅಮೆರಿಕದಲ್ಲಿ ಕೂತು ಬರೆದವರಿಗೆ ನಮ್ಮ ಮನೆ ಹಲ್ಲಿ ವಿಷಯ ಹೇಗೆ ಗೊತ್ತಾಯ್ತು ಅನ್ನಿಸ್ತು.

ಏಳರಲ್ಲಿ ಎರಡು ಪಾಸಾಗಿ ಐದು ಉಳೀತು. ಎರಡನೇ ಸುತ್ತಲ್ಲಿ ಎರಡೋ ಅದಕ್ಕಿಂತ ಜಾಸ್ತಿಯೋ ಉಳಿದ್ರೆ ಮುಂದಿನ ತಪಾಸಣೆಗೆ ಕಳಿಸಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದ್ರೆ ನಾನು ದುಡ್ಡು ಕಳಕೊಂಡಿದ್ದೇ ಇದು ಗೊತ್ತಿಲ್ಲದೆ. ಈ ಫಾರಂ ಕಾಯಿಲೆ ಹೆಸರು ಹೇಳಲ್ಲ. 2014ರಲ್ಲಿ ಇದನ್ನ ಮಾಡಿದವರೇ 16,000ಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷೆ ಮಾಡಿದ ಲೆಕ್ಕ ಪ್ರಕಟಿಸಿದ್ರು. ಎರಡೂ ಸುತ್ತಲ್ಲಿ ಸಿಕ್ಕಿಬಿದ್ದ ಮಕ್ಕಳಲ್ಲಿ ಆಟಿಸಂ ಇದ್ದಿದ್ದು ಶೇ. 47.5 ಮಕ್ಕಳಿಗೆ, ಅಂದ್ರೆ ಅರ್ಧಕ್ಕಿಂತ ಚೂರು ಕಡಿಮೆ. ಆದ್ರೆ ಆಟಿಸಂ ಅನ್ನೂ ಸೇರಿಸಿ ಬೆಳವಣಿಗೆಯಲ್ಲಿ ಯಾವುದಾದರೊಂದು ವಿಳಂಬವೋ ಗಮನಿಸಬೇಕಾದ ವಿಷಯವೋ ಇದ್ದಿದ್ದು ಶೇ. 94.6 ಮಕ್ಕಳಿಗೆ. ಅಳತೆ ಪಟ್ಟಿ ಕೊರಳಿಗೆ ಹಾಕ್ಕೊಂಡು ಬದುಕೋಳು ನಾನು, ನನಗೆ ಇದು ಬೇಗ ಅರ್ಥ ಆಗಬೇಕಿತ್ತು. ಪಟ್ಟಿ ಹಿಡಿದಾಗ ಎದೆ ಸುತ್ತಳತೆ ಗೊತ್ತಾಗುತ್ತೆ, ಬ್ಲೌಸ್ ಎಲ್ಲಿ ಎಳೆಯುತ್ತೆ ಅನ್ನೋದು ಟ್ರಯಲ್ಲಿಗೆ ತೊಟ್ಟು ನೋಡಿದ ಮೇಲೇನೇ.

ಯಾರೋ ಹೇಳಿದ್ರು ಅಂತ ಒಂದು ಖಾಸಗಿ ಸೆಂಟರಿಗೆ ಹೋದ್ವಿ. ಹೆಸರು ಬೇಡ. ಗೋಡೆ ತುಂಬ ಚಿಟ್ಟೆ, ಎಸಿ, ನೆಲಕ್ಕೆ ಬಣ್ಣಬಣ್ಣದ ಸ್ಪಂಜು. ರಿಸೆಪ್ಷನ್ ಹುಡುಗಿ ಇದೇ ಇಪ್ಪತ್ತು ಪ್ರಶ್ನೆ ಕೇಳಿ ಟ್ಯಾಬಲ್ಲಿ ಒತ್ತಿದ್ಳು. ಒಳಗಿದ್ದವರು ಮಗನ ಕಡೆ ಹತ್ತು ನಿಮಿಷ ನೋಡಿ "ಆಟಿಸಂ, ಇವತ್ತಿಂದಲೇ ಥೆರಪಿ ಶುರು ಮಾಡಬೇಕು" ಅಂತ ಮೂರು ತಿಂಗಳ ಪ್ಯಾಕೇಜಿನ ಹಾಳೆ ಮುಂದಿಟ್ರು. ಕಿವಿ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೂಡ ಕೇಳಲಿಲ್ಲ. ಹೆದರಿ ಹತ್ತು ಸಾವಿರ ಅಡ್ವಾನ್ಸ್ ಕಟ್ಟಿ ಬಂದ್ವಿ, ಅದು ವಾಪಸ್ ಬರಲಿಲ್ಲ.

ನಮ್ಮ ಡಾಕ್ಟ್ರಿಗೆ ವಿಷಯ ಗೊತ್ತಾಗಿ ಬೈದು ಮೈಸೂರಿಗೆ ಕಳಿಸಿದ್ರು, ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗಿಗೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಂತ ಪೂರ್ತಿ ಹೆಸರು, ಕೇಂದ್ರ ಸರ್ಕಾರದ್ದು, 1960ರ ದಶಕದಿಂದ ಇದೆ. ಆಟೋದವರಿಗೆ ಪೂರ್ತಿ ಹೆಸರು ಹೇಳಬೇಡಿ, "ಸ್ಪೀಚ್ ಅಂಡ್ ಹಿಯರಿಂಗ್" ಅಂದ್ರೆ ಸಾಕು. ಅಲ್ಲಿ ಮೊದಲು ನೋಡಿದ್ದೇ ಕಿವಿ. ಕರೆದ್ರೆ ತಿರುಗದ ಮಗುವಿಗೆ ಕಿವುಡು ಇಲ್ಲ ಅಂತ ಖಾತ್ರಿ ಆಗದೆ ಬೇರೆ ಹೆಸರು ಇಡೋ ಹಾಗಿಲ್ಲವಂತೆ. ಬಿಸ್ಕತ್ ಪ್ಯಾಕೆಟ್ ಪರಪರ ಅಂದ್ರೆ ಪಕ್ಕದ ಕೋಣೆಯಿಂದ ಓಡಿ ಬರ್ತಾನೆ ಅಂದೆ. "ಆದ್ರೂ ನೋಡೋಣಮ್ಮ" ಅಂದ್ರು. ಬೇರಾ ಅಂತ ಒಂದು ಪರೀಕ್ಷೆ, ಮಗು ನಿದ್ದೆಯಲ್ಲಿರಬೇಕು, ತಲೆಗೆ ವೈರು ಅಂಟಿಸಿ ಸದ್ದು ಮೆದುಳಿಗೆ ಮುಟ್ಟುತ್ತಾ ಅಂತ ನೋಡ್ತಾರೆ. ಅಲ್ಲಿ ನಿದ್ದೆ ಬರಲಿ ಅಂತ ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿದ್ವಿ. ಮಹಾಶಯ ಮಂಡ್ಯ ದಾಟಿ ಶ್ರೀರಂಗಪಟ್ಟಣ ಬರೋ ಹೊತ್ತಿಗೆ ಬಸ್ಸಲ್ಲಿ ಗಡದ್ದಾಗಿ ನಿದ್ದೆ ಮುಗಿಸಿ, ಅಲ್ಲಿ ಹೋಗಿ ಕಣ್ಣು ಅಗಲಿಸ್ಕೊಂಡು ಕೂತ. ತಪ್ಪು ನಮ್ಮದೇ. ನೀವು ಹೋಗೋದಾದ್ರೆ ಬಸ್ಸಲ್ಲಿ ಮಲಗೋಕೆ ಬಿಡಬೇಡಿ.

ಕಿವಿ ಸರಿಯಾಗಿತ್ತು. ಆಮೇಲೆ ಬೇರೆ ಬೇರೆ ದಿನ, ಬೇರೆ ಬೇರೆಯವರು ನೋಡಿದ್ರು. ಬಸುರಿ ಇದ್ದಾಗಿಂದ ಹಿಡಿದು ಎಲ್ಲ ಕೇಳಿದ್ರು. ನನಗೆ ನೆನಪಲ್ಲಿ ಉಳಿದಿರೋದು ಸೋಪಿನ ಗುಳ್ಳೆ. ನೆಲದ ಮೇಲೆ ಕೂತಿದ್ದ ಹುಡುಗಿ ಗುಳ್ಳೆ ಊದಿದ್ಳು, ಮಗ ಕುಣಿದಾಡಿದ. ಅವಳು ಮುಚ್ಚಳ ಬಿಗಿಯಾಗಿ ಹಾಕಿ ಬಾಟ್ಲಿಯನ್ನ ಅವನ ಕೈಗೆ ಕೊಟ್ಟು ಸುಮ್ಮನಾದ್ಳು. ನಾನು ಉಸಿರು ಬಿಗಿ ಹಿಡಿದಿದ್ದೆ. ಅವಳ ಮುಖ ನೋಡು, ಮಗಾ, ಒಂದೇ ಒಂದು ಸಲ ನೋಡು. ಅವನು ಮುಚ್ಚಳ ಕಚ್ಚಿದ, ನೆಲಕ್ಕೆ ಕುಟ್ಟಿದ, ಕೊನೆಗೆ ಅವಳ ಕೈ ಎಳೆದು ಮುಚ್ಚಳದ ಮೇಲಿಟ್ಟ. ಮುಖ ನೋಡಲಿಲ್ಲ. ಆಟಿಸಂ ಅಂತ ಅವರು ಹೇಳೋ ಮುಂಚೆ ನನಗೆ ಗೊತ್ತಾಗಿದ್ದು ಅಲ್ಲೇ. ಚಿಟ್ಟೆ ಗೋಡೆಯವರೂ ಅದೇ ಹೆಸರು ಹೇಳಿದ್ರಲ್ಲ, ವ್ಯತ್ಯಾಸ ಏನು ಅಂತ ನಮ್ಮನೆಯವರು ಕೇಳಿದ್ರು. ಇಲ್ಲಿ ಅವನಿಗೆ ಏನು ಬರುತ್ತೆ, ಏನು ಬರಲ್ಲ, ನಾಳೆಯಿಂದ ಮನೆಯಲ್ಲಿ ನಾನು ಏನು ಮಾಡಬೇಕು ಅಂತ ಹಾಳೆಯಲ್ಲಿ ಬರೆದು ಕೊಟ್ರು. ಬಿಸ್ಕತ್ ಡಬ್ಬಿ ಮೇಲೆ ಅವನು ನಿಮ್ಮ ಕೈ ಇಟ್ರೆ ತಕ್ಷಣ ಮುಚ್ಚಳ ತೆಗೀಬೇಡಿ, ಡಬ್ಬಿಯನ್ನ ನಿಮ್ಮ ಮುಖದ ಪಕ್ಕ ಹಿಡೀರಿ ಅನ್ನೋದು ಅದರಲ್ಲಿ ಮೊದಲನೇದು.

ಮೂರು ತುಂಬಿದ ಮೇಲೆ ಅಂಗವಿಕಲರ ಕಾರ್ಡಿಗೆ ಇನ್ನೊಂದು ಅಳತೆ ಆಯ್ತು, ಇಸಾ ಅಂತಾರೆ, ನಮ್ಮ ದೇಶದ್ದೇ. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5, 70 ಮುಟ್ಟಿದ್ರೆ ಆಟಿಸಂ ಲೆಕ್ಕಕ್ಕೆ. ಅದರ ಕಥೆ ಇನ್ನೊಂದು ದಿನ. ಮೈಸೂರು ದೂರ ಅನ್ನೋರಿಗೆ ಒಂದು ವಿಷಯ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ವರ್ಷಕ್ಕೆರಡು ಸಲ ಡಾಕ್ಟರ್ ತಂಡ ಬಂದು ಮಕ್ಕಳನ್ನ ನೋಡಬೇಕು ಅಂತಿದೆ, ಬೆಳವಣಿಗೆ ವಿಳಂಬವೂ ಅದರ ಪಟ್ಟಿಯಲ್ಲಿದೆ, ದುಡ್ಡಿಲ್ಲ. ನಮ್ಮ ಮಗನನ್ನ ನಾವು ಅಂಗನವಾಡಿಗೇ ಕಳಿಸ್ತಿರಲಿಲ್ಲ. ಮಿಷನ್ ಪಕ್ಕ ಸುಮ್ಮನೆ ಕೂತಿರ್ತಾನಲ್ಲ, ಯಾಕೆ ಅಂತ.

ಈಗ ಅವನಿಗೆ ನಾಲ್ಕೂವರೆ. ತಂಗಿ ಹುಟ್ಟಿ ಹದಿನೆಂಟು ತಿಂಗಳಾಯ್ತು. ಅಣ್ಣನಿಗೆ ಇದ್ರೆ ತಂಗಿಯದ್ದನ್ನ ತಪ್ಪದೇ ನೋಡಬೇಕು ಅಂತ ಡಾಕ್ಟ್ರು ಹೇಳಿದ್ರಿಂದ ಹೋದ ಭಾನುವಾರ ಮತ್ತೆ ನಾಲ್ಕು ರೂಪಾಯಿ ಜೆರಾಕ್ಸ್ ಮಾಡಿಸಿ ಕೂತ್ವಿ. ನಾದಿನಿ ಓದಿದ್ಳು, ಅತ್ತೆ ಅವರೇಕಾಯಿ ಸುಲೀತಾ ಕೂತಿದ್ರು. ಖಾಲಿ ಲೋಟದಲ್ಲಿ ಸುಮ್‌ಸುಮ್ನೆ ಕುಡಿಯೋ ಥರ ಆಟ ಆಡ್ತಾಳಾ ಅನ್ನೋ ಪ್ರಶ್ನೆ ಬಂತು. ಮೊನ್ನೆ ಆಡಿದ್ಳಲ್ಲ ಅಂತ ನಾನು "ಹೌದು"ಗೆ ಪೆನ್ನು ಇಟ್ಟೆ. ಅತ್ತೆ ಕೈ ಹಿಡಿದ್ರು. "ಒಂದೇ ಒಂದ್ ದಿನ ಆಡವ್ಳೆ ಕಣವ್ವ. ಇಲ್ಲ ಅಂತ್ಲೇ ಹಾಕು, ಅವ್ರು ಬಿಡ್ಸಿ ಕೇಳ್ಲಿ."