ಮುಖ ನೋಡದೆ ಅಂಕ ಕೊಡುವ ‘ಅಪ್ಲೈಡ್’: ಮೊದಲ ಸುತ್ತಿಗೆ ಸೈ, ಸಂದರ್ಶನಕ್ಕೆ ಸಾಲದು

ರೆಸ್ಯೂಮೆಯ ಬಲತುದಿಗೆ ಪಾಸ್‌ಪೋರ್ಟ್ ಸೈಜ್ ಫೋಟೊ, ಕೆಳಗೆ ಎತ್ತರ, ಮದುವೆ ಆಗಿದೆಯೋ ಇಲ್ಲವೋ. ನಮ್ಮಲ್ಲಿ ಟೀಮ್ ಲೀಡ್ ಹುದ್ದೆಗೂ ಇಂಥ ಅರ್ಜಿಗಳು ಇನ್ನೂ ಬರುತ್ತವೆ. ಕುಳ್ಳಗಿರುವವರು, ಕಪ್ಪಗಿರುವವರು, ಮುಖದಲ್ಲಿ ತೊನ್ನಿರುವವರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಒಪ್ಪುವವರೇ, ಅವರ ಕೈಗೆ ತಂಡ ಕೊಡುವ ಮಾತು ಬಂದರೆ ‘ಪರ್ಸನಾಲಿಟಿ ಇಲ್ಲ’ ಅಂದುಬಿಡುತ್ತಾರೆ. ಈ ಅನ್ಯಾಯ ಕ್ಷಣದಲ್ಲಿ ನಡೆದುಹೋಗುತ್ತದೆ. 2005ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಟೊಡೊರೊವ್ ತಂಡ ಅಮೆರಿಕದ ಸೆನೆಟ್ ಅಭ್ಯರ್ಥಿಗಳ ಮುಖಗಳನ್ನು ಒಂದೇ ಸೆಕೆಂಡು ತೋರಿಸಿ ‘ಯಾರು ಸಮರ್ಥರು?’ ಎಂದು ಕೇಳಿತ್ತು. ಸಮರ್ಥರಂತೆ ಕಂಡವರೇ ಸುಮಾರು ಹತ್ತರಲ್ಲಿ ಏಳು ಕಡೆ ಗೆದ್ದಿದ್ದರು.

ಬ್ರಿಟನ್ನಿನ ‘ಅಪ್ಲೈಡ್’ ಎಂಬ ನೇಮಕಾತಿ ತಂತ್ರಾಂಶ ಆ ಒಂದು ಸೆಕೆಂಡಿಗೆ ಅವಕಾಶವನ್ನೇ ಕೊಡುವುದಿಲ್ಲ. ಹೆಸರು, ಫೋಟೊ ಕಾಣದು. ರೆಸ್ಯೂಮೆ ಬದಲು ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಗಳು. ಮೊದಲ ಪ್ರಶ್ನೆಗೆ ಎಲ್ಲರೂ ಬರೆದ ಉತ್ತರ ಓದಿ ಮುಗಿಸಿದ ಮೇಲೆ ಎರಡನೆಯದು. ಉತ್ತರಗಳ ಸರದಿಯೂ ಅದಲುಬದಲಾಗುತ್ತದೆ. ಹಾಗಾಗಿ ಒಂದು ಒಳ್ಳೆಯ ಉತ್ತರದ ಪ್ರಭಾವ ಅದೇ ವ್ಯಕ್ತಿಯ ಮುಂದಿನ ಉತ್ತರಕ್ಕೆ ಅಂಟುವುದಿಲ್ಲ. ಇದರಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ.

ಆದರೆ ಪ್ರಶ್ನೆ ಸಪ್ಪೆಯಾದರೆ ಉಪಕರಣ ದಂಡ. ‘ನಿಮ್ಮ ನಾಯಕತ್ವದ ಗುಣಗಳೇನು?’ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. ಗೋದಾಮಿನ ಶಿಫ್ಟ್ ಸೂಪರ್‌ವೈಸರ್ ಹುದ್ದೆಗೆ ಹೀಗೆ ಕೇಳಿ: ‘ರಾತ್ರಿ ಪಾಳಿಯ 12 ಜನರಲ್ಲಿ 3 ಜನ ಬಂದಿಲ್ಲ. ಬೆಳಗ್ಗೆ 6ಕ್ಕೆ ಲೋಡ್ ಹೊರಡಬೇಕು. ಮೊದಲ ಅರ್ಧ ಗಂಟೆ ಏನು ಮಾಡುತ್ತೀರಿ?’ ಅಂಕದ ಅಳತೆಯನ್ನು ಉತ್ತರ ತೆರೆಯುವ ಮೊದಲೇ ಬರೆದಿಡಿ. ‘ಮ್ಯಾನೇಜರ್‌ಗೆ ಫೋನ್ ಮಾಡುತ್ತೇನೆ’ ಅಷ್ಟೇ ಇದ್ದರೆ 1. ಇರುವವರಿಗೆ ಕೆಲಸ ಹಂಚಿದ್ದರೆ 3. ಯಾವ ಕೆಲಸ ಬಿಡಬಹುದು ಎಂದು ತೀರ್ಮಾನಿಸಿ, ಲಾರಿಯವರಿಗೆ ಮೊದಲೇ ತಿಳಿಸಿ, ದಣಿದವರನ್ನು ಫೋರ್ಕ್‌ಲಿಫ್ಟ್‌ಗೆ ಹತ್ತಿಸದಿದ್ದರೆ 5. ಇಂಥ ನಾಲ್ಕು ಪ್ರಶ್ನೆ, ಮೂವರು ಮೌಲ್ಯಮಾಪಕರು ಸಾಕು. ಮೂವರ ಅಂಕ ಬೀಳುವ ತನಕ ತಮ್ಮತಮ್ಮಲ್ಲಿ ಚರ್ಚೆ ಬೇಡ.

ಎಡವುವ ಜಾಗಗಳೂ ಇವೆ. ಉತ್ತರದೊಳಗೇ ಕಾಲೇಜು, ಊರು, ಹಳೆಯ ಕಂಪನಿಯ ಹೆಸರು ನುಸುಳುತ್ತದೆ. ಬರೆಯಬೇಡಿ ಎಂದು ಪ್ರಶ್ನೆಯಲ್ಲೇ ಹೇಳಿ. ಸೊಗಸಾದ ಇಂಗ್ಲಿಷ್‌ಗೆ ಕೈ ತಾನಾಗಿ ಹೆಚ್ಚು ಅಂಕ ಹಾಕುತ್ತದೆ, ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಸೋಲುತ್ತಾರೆ. ಹುದ್ದೆಗೆ ಅಂಥ ಇಂಗ್ಲಿಷ್ ಬೇಡವಾದರೆ ಭಾಷೆಗೆ ಅಂಕವಿಲ್ಲ ಎಂದು ಅಳತೆಯಲ್ಲೇ ಬರೆಯಿರಿ. ಮೌಲ್ಯಮಾಪಕರು ಲಿಂಕ್ಡ್‌ಇನ್ ತೆರೆದರಂತೂ ಎಲ್ಲ ಮುಗಿಯಿತು.

ದೊಡ್ಡ ಕೊರತೆ ಸಂದರ್ಶನದ್ದು. ಅಲ್ಲಿ ಮುಖ ಕಾಣಲೇಬೇಕು. ಕ್ಯಾಮೆರಾ ಆಫ್ ಮಾಡಿದರೂ ದನಿ, ಉಚ್ಚಾರ ಇದ್ದೇ ಇರುತ್ತವೆ. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ, ಪ್ರತಿ ಉತ್ತರಕ್ಕೂ ಆಗಲೇ ಅಂಕ: ಈ ಶಿಸ್ತು ಇಲ್ಲದಿದ್ದರೆ ಮೊದಲ ಸುತ್ತಿನಲ್ಲಿ ಗಳಿಸಿದ್ದು ಇಲ್ಲಿ ಕಳೆದುಹೋಗುತ್ತದೆ. ‘ಒಟ್ಟಾರೆ ಅಭಿಪ್ರಾಯ’ ಎಂಬ ಕಾಲಂ ಇದ್ದರೆ ತೆಗೆಸಿ, ‘ಪರ್ಸನಾಲಿಟಿ’ ಮತ್ತೆ ಒಳಗೆ ಬರುವುದು ಅಲ್ಲಿಂದಲೇ.

ಹೊರಗಿನಿಂದ ಹತ್ತಾರು ಅರ್ಜಿ ಬರುವ ಹುದ್ದೆಗೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ಒಳಗಿನ ನಾಲ್ಕೈದು ಜನರ ಬಡ್ತಿಗೆ ಎಕ್ಸೆಲ್ ಹಾಳೆಯೇ ಸಾಕು: ಹೆಸರಿನ ಬದಲು ಸಂಖ್ಯೆ, ಬೇರೆ ವಿಭಾಗದ ಮೌಲ್ಯಮಾಪಕರು. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಯಾರ ಬಳಿ ಇದೆಯೋ ಅವರು ಅಂಕ ಹಾಕಬಾರದು.